ಹನ್ನೊಂದು ತಟ್ಟೆ

ಫೋನಿನಲ್ಲಿ ಮೇಜು ಕಾದಿರಿಸುವಾಗ
ಕೇಳಿದರು: ಏನು ವಿಶೇಷ?
ಹುಟ್ಟುಹಬ್ಬವೋ, ಮದುವೆಯ ವಾರ್ಷಿಕೋತ್ಸವವೋ?
ಹೊಟ್ಟೆಗೆ ಹಾಕಿದ್ದ ನಳಿಗೆ ತೆಗೆದು ವರ್ಷವಾಯಿತು
ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ನಾಲಗೆ ಹೊರಳಲಿಲ್ಲ.
ಹ್ಞೂಂ, ವಾರ್ಷಿಕೋತ್ಸವ, ಅಂದೆ.

ಹೋಬಾರ್ಟಿನ ಹಡಗುಕಟ್ಟೆಯ ಹಳೇ ಗೋದಾಮು,
ಒಂದು ಕಾಲಕ್ಕೆ ಸೇಬು ತುಂಬಿಡುತ್ತಿದ್ದರಂತೆ.
ಈಗ ಹದಿನಾಲ್ಕು ಮೇಜು, ಮೇಜಿಗೊಂದು ಮೇಣದ ಬತ್ತಿ,
ಕಿಟಕಿಯಾಚೆ ಡರ್ವೆಂಟ್ ನದಿ, ಜುಲೈ ತಿಂಗಳ ಚಳಿ.
ನೀಲಾಂಬಿಕೆ ಇಳಕಲ್ ಸೀರೆಯ ಮೇಲೆ
ನನ್ನ ಕೋಟು ಹೊದ್ದು ಕೂತಳು,
ಕುತ್ತಿಗೆಯ ಗೆರೆ ಕಾಣದ ಹಾಗೆ
ಸೆರಗು ಸುತ್ತಿಕೊಂಡು.

ಮೊದಲ ತಟ್ಟೆ ಬಂತು. ತಟ್ಟೆ ಅಂದರೆ
ಕಾರಿನ ಸ್ಟೇರಿಂಗಿನಷ್ಟು ಅಗಲ,
ನಟ್ಟನಡುವೆ ಗಜ್ಜುಗದಷ್ಟು ಬೀಟ್‌ರೂಟಿನ ಉಂಡೆ.
ನನಗೆ ನಗು. ನಾನು ನಾಲ್ಕು ರೊಟ್ಟಿ ಮುರಿದು
ಐದನೆಯದಕ್ಕೆ ಕೈಚಾಚುವವನು.
ಮಂದಿಗೆ ಕಾರು ಕಲಿಸುತ್ತ ದಿನವಿಡೀ
ನಿಧಾನ, ತಿರುವು ಬಂತು, ಅನ್ನುತ್ತೇನೆ;
ಉಣ್ಣುವಾಗ ಬ್ರೇಕೇ ಇಲ್ಲ.
ಆದರೆ ಆ ಉಂಡೆಯನ್ನು ಅವಳು ನೋಡಿದ ರೀತಿ,
ಅಳತೆ ಕೊಟ್ಟು ಹೊಲಿಸಿದ ಕುಪ್ಪಸ ಮನೆಗೆ ಬಂದಂತೆ.
ಒಂದು ತುತ್ತು. ಒಂದು ಗುಟುಕು ನೀರು.
ಅದು ಗಂಟಲಿಳಿಯುವ ತನಕ ನಾನು ಮೇಜಿನಡಿ
ಬಲಗಾಲು ಒತ್ತಿ ಬ್ರೇಕು ತುಳಿದೇ ಇದ್ದೆ.

ಏಳು ತಿಂಗಳು ಬಾಟಲಿಯ ಬಿಳಿ ಅನ್ನ,
ದಿನಕ್ಕೆ ಐದು ಹೊತ್ತು, ಬಾಯಿಗೆ ಸುದ್ದಿಯೇ ಹೋಗದಂತೆ.
ಆಮೇಲೆ ಬಾಯಿಗೆ ಬಂದರೂ ಎಲ್ಲ ಬರೀ ತಗಡು:
ತಗಡಿನ ಮೊಸರು, ತಗಡಿನ ಬೆಲ್ಲ.
ಚಹಾ ಹೆಂಗದ? ಎಂದರೆ
ಬಿಸಿ ಅದ, ಅನ್ನುವಳು, ಅಷ್ಟೇ.
ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು,
ಮೂಗಿನಲ್ಲೇ ಧಾರಣೆ ಹೇಳುತ್ತಿದ್ದವಳು.

ನಾಲ್ಕನೆಯದು ಬ್ರೆಡ್ಡು. ಅದು ಅವಳಿಗೆ ಆಗದು,
ಬಾಯಲ್ಲಿ ನೀರೂರುವುದು ಅವಳಿಗೀಗ ಬರೀ ಮಾತು.
ಇಬ್ಬರದೂ ನಾನೇ ತಿಂದೆ, ಬೆಣ್ಣೆಯನ್ನೂ.
ಐದು ಕುಂಬಳ, ಆರು ಕಡಲಪಾಚಿಯ ಸಾರು,
ಏಳರ ಹೆಸರನ್ನು ಹುಡುಗ ಎರಡು ಸಲ ಹೇಳಿದ,
ನಾವು ಎರಡು ಸಲ ತಲೆಯಾಡಿಸಿದೆವು.

ಎಂಟು, ಅಣಬೆ. ಮೇಲೆ ಕಪ್ಪಗೆ ಏನೋ ಪುಡಿ,
ಈ ದ್ವೀಪದ ಕಾಡಿನದೇ ಮೆಣಸಿನ ಹಣ್ಣಂತೆ.
ಬಾಯಿಗಿಟ್ಟಳು. ಏನಿಲ್ಲ. ಚಮಚ ಕೆಳಗಿಟ್ಟಳು.
ಆಮೇಲೆ, ತಡವಾಗಿ ಬಂದ ಅಂಚೆಯಂತೆ,
ಕೆಮ್ಮು.
ಹದಿನಾಲ್ಕು ಮೇಜೂ ತಿರುಗಿ ನೋಡಿದವು.
ಕುರ್ಚಿ ಬಿದ್ದದ್ದು ನನಗೆ ಕೇಳಿಸಲಿಲ್ಲ,
ಅವಳ ಬೆನ್ನ ಹಿಂದೆ ನಿಂತಿದ್ದೆ
ಆಂಬ್ಯುಲೆನ್ಸಿನ ನಂಬರು ಬಾಯಲ್ಲಿಟ್ಟುಕೊಂಡು.
ಅವಳು ಕೈಯೆತ್ತಿದಳು. ಕಣ್ಣು, ಮೂಗು, ಎಲ್ಲ ನೀರು.
“ಕೂಡ್ರಿ,” ಅಂದಳು. “ಖಾರ ಅದ.”

ಓಡಿ ಬಂದ ಹುಡುಗ ಕ್ಷಮೆ ಕೇಳುತ್ತಲೇ ಇದ್ದ,
ಅವಳು ಆ ಪುಡಿಯನ್ನು ಇನ್ನಷ್ಟು ಕೇಳಿದಳು.
ಸಣ್ಣ ಬಟ್ಟಲಲ್ಲಿ ತಂದಿಟ್ಟ.
ಬೆರಳದ್ದಿ, ನಾಲಗೆಗೆ ಹಚ್ಚಿ, ಕಣ್ಣು ಮುಚ್ಚಿ,
ಅಪ್ಪನ ಅಂಗಡಿಯ ಗತ್ತಿನಲ್ಲಿ ತೀರ್ಪು ಕೊಟ್ಟಳು:
“ಬಣ್ಣ ಇಲ್ಲ. ಆದ್ರ ಮಾಲ ಖರೇ ಅದ.”
ಸೆರಗು ಜಾರಿತ್ತು. ಮತ್ತೆ ಸುತ್ತಿಕೊಳ್ಳಲಿಲ್ಲ.

ಕೊನೆಯ ತಟ್ಟೆಯ ಅಂಚಿನಲ್ಲಿ ಚಾಕೊಲೇಟಿನ ಅಕ್ಷರ,
ಶುಭಾಶಯ.
ಎಷ್ಟನೇ ವರ್ಷ? ಹುಡುಗ ಕೇಳಿದ.
ಇಪ್ಪತ್ತೊಂಬತ್ತು ಎನ್ನಲು ನಾನು ಬಾಯಿ ತೆರೆದೆ.
ಮೊದಲನೆಯದು, ಅಂದಳು ನೀಲಾಂಬಿಕೆ.
ನನ್ನ ಬೋಳುತಲೆ, ಅವಳ ನರೆ ನೋಡಿ
ಹುಡುಗನ ಮುಖ ಅರಳಿತು.
ನಾವು ತಿದ್ದಲಿಲ್ಲ.

ಬಿಲ್ಲು ನೋಡಿ ನನಗೂ ಕಣ್ಣೀರು ಬಂತು, ಅದು ಬೇರೆ ಖಾರ.
ಸೇತುವೆ ಹತ್ತುವಾಗ ಕೇಳಿದಳು,
“ಹೊಟ್ಟಿ ತುಂಬೇತೇನ್ರಿ?”
ಇಲ್ಲ, ಅಂದೆ. ಮನೆಯಲ್ಲಿ ನಿನ್ನೆಯ ರೊಟ್ಟಿ ಇತ್ತು.
ಅವಳು ತನ್ನ ಬದಿಯ ಕನ್ನಡಿ ಇಳಿಸಿ,
ಒಂದೊಂದು ದಾರಿದೀಪ ಹಾಯುವಾಗಲೂ
ನಾಲಗೆ ಚಾಚಿ ಚಾಚಿ ನೋಡಿಕೊಳ್ಳುತ್ತಿದ್ದಳು.